ಗ್ಲೌಸಿನ ಬೆಲೆ ಎಷ್ಟು ರನ್?

ಹನ್ನೊಂದು ಜನರ ತಂಡದಲ್ಲಿ ಹತ್ತು ಹೆಸರುಗಳನ್ನು ಬೇಗ ಬರೆದು ಮುಗಿಸಬಹುದು. ಜಗಳ ಶುರುವಾಗುವುದು ಹನ್ನೊಂದನೆಯ ಹೆಸರಿಗೆ, ಅದರಲ್ಲೂ ಆ ಜಾಗ ಕೀಪರಿನದಾಗಿದ್ದರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕಿನ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೋದರೂ ಈ ವಾದ ಕಿವಿಗೆ ಬೀಳುತ್ತದೆ. "ಅವನ ಕೈ ಚೆನ್ನಾಗಿದೆ ಕಣೋ, ಒಂದು ಬಾಲೂ ಬಿಡಲ್ಲ" ಎಂದು ಒಬ್ಬ. "ಬಿಡದಿದ್ರೆ ಏನಣ್ಣಾ, ಬ್ಯಾಟ್ ಕೊಟ್ರೆ ಹತ್ತು ರನ್ ಹೊಡೀತಾನಾ?" ಎಂದು ಇನ್ನೊಬ್ಬ. ಕೊನೆಗೆ ದನಿ ಜೋರಾಗಿರುವವನು ಗೆಲ್ಲುತ್ತಾನೆ, ಅಥವಾ ಬ್ಯಾಟು ಯಾರದೋ ಅವನು ಗೆಲ್ಲುತ್ತಾನೆ.

ಇದು ಲೆಕ್ಕಕ್ಕೆ ಸಿಗುವ ಜಗಳ. ಸಿಗಬೇಕಾದರೆ ಒಂದು ಶರತ್ತು ಇದೆ: ಕೈಯನ್ನೂ ಬ್ಯಾಟನ್ನೂ ಒಂದೇ ನಾಣ್ಯಕ್ಕೆ ಬದಲಾಯಿಸಬೇಕು. ಆ ನಾಣ್ಯ ರನ್. ಬ್ಯಾಟಿನಿಂದ ತಂದ ಒಂದು ರನ್ನಿಗೂ ಗ್ಲೌಸಿನಿಂದ ಉಳಿಸಿದ ಒಂದು ರನ್ನಿಗೂ ಸೋಲು ಗೆಲುವಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ಚಪ್ಪಾಳೆಯಲ್ಲಿ.

ಎಂಟು ಓವರಿನ ಪಂದ್ಯ ಎಂದಿಟ್ಟುಕೊಳ್ಳಿ, 48 ಎಸೆತ. ಇಬ್ಬರು ಕೀಪರುಗಳಿದ್ದಾರೆ. ಒಬ್ಬ ಹೊಡೆಯುವವನು, ಎಸೆತಕ್ಕೆ ಸರಾಸರಿ 1.9 ರನ್ ತರುತ್ತಾನೆ. ಇನ್ನೊಬ್ಬ ಹಿಡಿಯುವವನು, ಅವನ ಬ್ಯಾಟಿನಿಂದ ಬರುವುದು 1.3. ಮೂರನೆಯ ಕ್ರಮಾಂಕದಲ್ಲಿ ಆಡಿದವನಿಗೆ ಒಂದು 12 ಎಸೆತ ಸಿಕ್ಕಿತು ಎನ್ನೋಣ. ಹೊಡೆಯುವವನಿಂದ ಬರುವ ಲಾಭ 12ನ್ನು 0.6ರಿಂದ ಗುಣಿಸಿದಷ್ಟು, ಏಳು ರನ್ ಚಿಲ್ಲರೆ. ಈಗ ವಿಕೆಟ್ ಹಿಂದೆ ಬನ್ನಿ. 48ರಲ್ಲಿ ಹತ್ತು ಎಸೆತ ಬ್ಯಾಟು ದಾಟಿ ಕೀಪರ್ ಕಡೆಗೆ ಬರುತ್ತವೆ, ಹಿಡಿಯುವವನು ಒಂದನ್ನು ಬಿಡುತ್ತಾನೆ, ಹೊಡೆಯುವವನು ಮೂರನ್ನು. ಬಿಟ್ಟ ಎರಡು ಹೆಚ್ಚುವರಿ ಎಸೆತಕ್ಕೆ ತಲಾ ಮೂರು ಬೈ ರನ್ ಹಿಡಿದರೆ ಆರು. ಪಂದ್ಯಕ್ಕೆ ಒಂದು ಕ್ಯಾಚ್ ಅವಕಾಶ ಬಂತೆನ್ನಿ. ಒಬ್ಬ ಹತ್ತಕ್ಕೆ ಎಂಟು ಹಿಡಿಯುತ್ತಾನೆ, ಇನ್ನೊಬ್ಬ ಐದು. ಇಷ್ಟು ಚಿಕ್ಕ ಪಂದ್ಯದಲ್ಲಿ ಒಂದು ವಿಕೆಟ್ಟಿಗೆ ಐದು ರನ್ ಬೆಲೆ ಕಟ್ಟಿದರೆ ಅಲ್ಲಿ ಇನ್ನೂ ಒಂದೂವರೆ ರನ್. ಒಟ್ಟು ಏಳೂವರೆ. ಅಂದರೆ ಇಬ್ಬರೂ ಸರಿಸಮ.

ಅದೇ ಹೊಡೆಯುವವನನ್ನು ಏಳನೆಯ ಕ್ರಮಾಂಕಕ್ಕೆ ಇಳಿಸಿ. ಅವನಿಗೆ ಸಿಗುವುದು ಮೂರು ಎಸೆತ, ಲಾಭ ಎರಡು ರನ್ನಿಗೂ ಕಡಿಮೆ. ಗ್ಲೌಸಿನ ನಷ್ಟ ಮಾತ್ರ ಅಷ್ಟೇ ಉಳಿಯಿತು, ಏಳೂವರೆ. ಈ ಅಂಕಿಗಳು ನಾನು ಇಟ್ಟುಕೊಂಡವು, ನಿಮ್ಮೂರ ಮೈದಾನದವನ್ನು ನೀವು ಹಾಕಿಕೊಳ್ಳಿ. ಬೇಕಾದ ಪ್ರಶ್ನೆ ಇಷ್ಟೇ: ಅವನಿಗೆ ಎಷ್ಟು ಎಸೆತ ಬ್ಯಾಟಿಗೆ ಸಿಗುತ್ತದೆ, ಎಷ್ಟು ಎಸೆತ ಕೈಗೆ ಬರುತ್ತದೆ? ಆಟಗಾರ ಎಷ್ಟು ಒಳ್ಳೆಯವನು ಎಂಬ ಪ್ರಶ್ನೆ ಇದರ ನಂತರದ್ದು.

ಮೈದಾನವೂ ಈ ಲೆಕ್ಕದಲ್ಲಿ ಕೈ ಹಾಕುತ್ತದೆ. ಕೋಲಾರ ಜಿಲ್ಲೆಯಲ್ಲಿ ಬತ್ತಿದ ಕೆರೆಯಂಗಳವೇ ಬಹಳ ಕಾಲ ಹುಡುಗರ ಸ್ಟೇಡಿಯಂ. ಹೂಳು ಮಣ್ಣು ಒಣಗಿ ಬಿರುಕು ಬಿಟ್ಟ ಕಡೆ ಚೆಂಡು ನೆಲಕ್ಕೇ ಅಂಟಿಕೊಂಡು ಬರುತ್ತದೆ, ಬಿರುಕಿನ ಅಂಚಿಗೆ ಬಿದ್ದರೆ ಎತ್ತಲೋ ಹೋಗುತ್ತದೆ. ಅಲ್ಲಿ ಕೀಪರಿಗೆ ಕೆಲಸ ಹೆಚ್ಚು, ಅವನ ಬೆಲೆಯೂ ಹೆಚ್ಚು. (2018ರಲ್ಲಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದಾಗಿ ಕೆರೆಗಳು ತುಂಬತೊಡಗಿದ ಮೇಲೆ ಅಂಥ ಪಿಚ್ಚುಗಳು ನೀರಿನಡಿ ಸೇರಿದವು. ಕ್ರಿಕೆಟ್ಟಿಗೆ ನಷ್ಟ, ಊರಿಗೆ ಲಾಭ.) ಇನ್ನು ಬೀದಿಯಲ್ಲೋ ಕಾಂಪೌಂಡಿನೊಳಗೋ ಆಡುವಾಗ "ಹಿಂದೆ ರನ್ ಇಲ್ಲ" ಎಂಬ ನಿಯಮ ಇರುತ್ತದಲ್ಲ, ಆ ಒಂದೇ ಮಾತು ಮೇಲಿನ ಆರು ಬೈ ರನ್ನುಗಳನ್ನು ಸೊನ್ನೆ ಮಾಡುತ್ತದೆ. ಆಗ ಕಣ್ಣುಮುಚ್ಚಿ ಹೊಡೆಯುವವನನ್ನು ಆರಿಸಬಹುದು.

ದೊಡ್ಡ ಕ್ರಿಕೆಟ್ಟಿನಲ್ಲಿ ಬೈಗಿಂತ ಕ್ಯಾಚಿನ ಲೆಕ್ಕ ಭಾರ. ಬಿಟ್ಟ ಕ್ಯಾಚಿಗೆ ಎಷ್ಟು ದಂಡ? 1994ರ ಜೂನ್‌ನಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಬ್ರಯಾನ್ ಲಾರಾ 18 ರನ್ ಗಳಿಸಿದ್ದಾಗ ಡರಹಮ್ ತಂಡದ ಕೀಪರ್ ಕ್ರಿಸ್ ಸ್ಕಾಟ್ ಕ್ಯಾಚ್ ಕೈಚೆಲ್ಲಿದರು. ಲಾರಾ ಔಟಾಗದೆ 501 ಹೊಡೆದರು. ಆ ಒಂದು ಕ್ಯಾಚಿನ ಬೆಲೆ 483 ರನ್! ಇಂಥ ಕತೆಗಳು ನೆನಪಿನಲ್ಲಿ ಉಳಿಯುತ್ತವೆ, ಲೆಕ್ಕ ಕೆಡಿಸುತ್ತವೆ. ಸರಾಸರಿ ದಂಡ ಕಂಡುಹಿಡಿಯುವ ಸರಳ ದಾರಿ ಬೇರೆ ಇದೆ. ಪ್ರತಿ ಎಸೆತದಲ್ಲೂ ಔಟಾಗುವ ಸಾಧ್ಯತೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಬ್ಯಾಟ್ಸ್‌ಮನ್ ಈಗಾಗಲೇ ಎಷ್ಟು ಹೊಡೆದಿದ್ದಾನೆ ಎಂಬುದಕ್ಕೂ ಇನ್ನೆಷ್ಟು ಹೊಡೆಯುತ್ತಾನೆ ಎಂಬುದಕ್ಕೂ ಸಂಬಂಧವಿಲ್ಲ. ಸರಾಸರಿ 40 ಇರುವವನು ಸೊನ್ನೆಯಲ್ಲಿದ್ದರೂ ಐವತ್ತರಲ್ಲಿದ್ದರೂ ಮುಂದೆ ನಿರೀಕ್ಷಿಸಬೇಕಾದದ್ದು 40 ರನ್ನೇ. ನಿಜದಲ್ಲಿ ಹೊಸದಾಗಿ ಬಂದವನು ಬೇಗ ಔಟಾಗುತ್ತಾನೆ, ಕಣ್ಣು ಕುದುರಿದವನು ನಿಲ್ಲುತ್ತಾನೆ, ಹಾಗಾಗಿ ಈ ನಿಯಮ ಪೂರ್ತಿ ನಿಜವಲ್ಲ. ಆದರೂ ಬಿಟ್ಟ ಕ್ಯಾಚಿನ ದಂಡ ಆ ಬ್ಯಾಟ್ಸ್‌ಮನ್‌ನ ಸರಾಸರಿಗೆ ಹತ್ತಿರ ಎಂದು ಹಿಡಿದರೆ ಮೋಸವಿಲ್ಲ. ಬಾಲಂಗೋಚಿಗಳನ್ನೂ ಸೇರಿಸಿ ಅಂದಾಜು 30 ಎನ್ನೋಣ.

ಈಗ ನಮ್ಮವರದೇ ಅಂಕಿಗಳನ್ನು ತೆಗೆದುಕೊಳ್ಳೋಣ. ಕರ್ನಾಟಕದ ಸೈಯದ್ ಕಿರ್ಮಾನಿ 1976ರಿಂದ 88 ಟೆಸ್ಟ್ ಆಡಿದರು. 160 ಕ್ಯಾಚ್, 38 ಸ್ಟಂಪಿಂಗ್, 2759 ರನ್, ಸರಾಸರಿ 27.04. ಎರಡನೆಯ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದ್ದರು. 1981-82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟುಗಳಲ್ಲಿ ಒಂದೇ ಒಂದು ಬೈ ಕೊಡಲಿಲ್ಲ.

198 ಔಟ್‌ಗಳನ್ನು 88ರಿಂದ ಭಾಗಿಸಿದರೆ ಟೆಸ್ಟಿಗೆ 2.25. ಅವರು ಹತ್ತರಲ್ಲಿ ಒಂಬತ್ತು ಅವಕಾಶ ಹಿಡಿಯುತ್ತಿದ್ದರು ಎಂದು ಊಹಿಸಿದರೆ ಬಂದ ಅವಕಾಶ ಟೆಸ್ಟಿಗೆ ಎರಡೂವರೆ. ಅವರ ಬದಲು ಹತ್ತಕ್ಕೆ ಏಳು ಹಿಡಿಯುವ, ಆದರೆ ಚೆನ್ನಾಗಿ ಬ್ಯಾಟ್ ಮಾಡುವ ಒಬ್ಬನನ್ನು ಹಾಕಿದರೆ? ಟೆಸ್ಟಿಗೆ ಅರ್ಧ ವಿಕೆಟ್ ಹೆಚ್ಚಿಗೆ ಕಳೆದುಕೊಳ್ಳುತ್ತೀರಿ, ಅಂದರೆ 15 ರನ್. ಈ ನಷ್ಟ ತುಂಬಲು ಹೊಸಬ ಎಷ್ಟು ಹೆಚ್ಚು ಹೊಡೆಯಬೇಕು? ಕಿರ್ಮಾನಿ 88 ಟೆಸ್ಟಿನಲ್ಲಿ ಆಡಿದ್ದು 124 ಇನಿಂಗ್ಸ್, ಔಟಾದದ್ದು 102 ಸಲ, ಟೆಸ್ಟಿಗೆ ಒಂದು ಸಲಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಹೊಸಬನ ಸರಾಸರಿ 40ರ ಆಸುಪಾಸು ಇರಬೇಕಾಗುತ್ತದೆ. ಆ ಕಾಲದಲ್ಲಿ ಗ್ಲೌಸ್ ತೊಟ್ಟು 40ರ ಸರಾಸರಿ ತರುವವರು ನಮ್ಮಲ್ಲಿ ಯಾರೂ ಇರಲಿಲ್ಲ. ನಮ್ಮ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಬೌಲಿಂಗನ್ನು ಚೆಂಡಾಡಿ 192 ಹೊಡೆದವರು, ಆ ಸರಣಿಯಲ್ಲಿ ಒಟ್ಟು 525 ರನ್. ಆದರೂ ಆಡಲು ಸಿಕ್ಕಿದ್ದು 18 ಟೆಸ್ಟ್, ಸರಾಸರಿ 32.70. ಅದೇ ಜಾಗದ ಪೈಪೋಟಿಗೆ ಫಾರೂಕ್ ಇಂಜಿನಿಯರ್ ಇದ್ದರು, ಅವರಿಗೂ ಕೈ ಮತ್ತು ಬ್ಯಾಟು ಎರಡೂ ಇತ್ತು. 1967ರ ಎಜ್‌ಬಾಸ್ಟನ್ ಟೆಸ್ಟಿನಲ್ಲಿ ಇಬ್ಬರೂ ತಂಡದಲ್ಲಿದ್ದರು, ಇಂಜಿನಿಯರ್ ಕೀಪಿಂಗ್ ಮಾಡಿದರು, ವೇಗದ ಬೌಲರುಗಳೇ ಇಲ್ಲದ ಆ ತಂಡಕ್ಕೆ ಕುಂದರನ್ ಬೌಲಿಂಗ್ ಆರಂಭಿಸಿದರು! ಆಯ್ಕೆಗಾರರ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿಯವರೆಗೆ ಗಣಿತ. ಹತ್ತಕ್ಕೆ ಒಂಬತ್ತು ಮತ್ತು ಹತ್ತಕ್ಕೆ ಏಳರ ನಡುವಿನ ಅಂತರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಭೌತವಿಜ್ಞಾನದ ಕಡೆಗೆ ತಿರುಗಬೇಕು. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ವೇಗದ ಬೌಲರ್ ಗಂಟೆಗೆ 135 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ನೆಲಕ್ಕೆ ಬಿದ್ದು ಎದ್ದ ಮೇಲೆ ಸೆಕೆಂಡಿಗೆ 30 ಮೀಟರಿನಂತೆ ಸಾಗುತ್ತದೆ ಎನ್ನೋಣ. ಕೀಪರ್ 18 ಮೀಟರ್ ಹಿಂದೆ ನಿಂತಿದ್ದರೆ ಬ್ಯಾಟಿನ ಅಂಚು ತಾಗಿದ ಕ್ಷಣದಿಂದ ಅವನಿಗೆ 0.6 ಸೆಕೆಂಡ್ ಸಿಗುತ್ತದೆ. ನೋಡಬಹುದು, ಹೆಜ್ಜೆ ಹಾಕಬಹುದು, ಹಾರಬಹುದು. ಒಳ್ಳೆಯ ಸ್ಲಿಪ್ ಫೀಲ್ಡರ್ ಮಾಡುವ ಕೆಲಸವೇ ಇದು.

ಸ್ಪಿನ್ನರ್ ಬಂದಾಗ ಕೀಪರ್ ಸ್ಟಂಪಿಗೆ ಮೂಗು ತಾಗಿಸಿದಂತೆ ಕೂರುತ್ತಾನೆ. ಚೆಂಡು ನಿಧಾನವಾದರೂ ದೂರ ಒಂದೂವರೆ ಮೀಟರ್ ಮಾತ್ರ. ಸೆಕೆಂಡಿಗೆ 18 ಮೀಟರ್ ವೇಗವಾದರೆ ಸಿಗುವ ಸಮಯ 0.08 ಸೆಕೆಂಡ್, ಕಣ್ಣು ಕೈಗೆ ಸುದ್ದಿ ಮುಟ್ಟಿಸುವ ಮೊದಲೇ ಚೆಂಡು ದಾಟಿರುತ್ತದೆ. ಅಂದರೆ ಸ್ಪಿನ್ನಿಗೆ ಅಂಚಿನ ಕ್ಯಾಚನ್ನು ಯಾರೂ "ನೋಡಿ" ಹಿಡಿಯುವುದಿಲ್ಲ. ಚೆಂಡು ಬ್ಯಾಟಿಗೆ ತಾಗದೆಯೇ ಬರುತ್ತದೆ ಎಂದು ಭಾವಿಸಿ, ಅದರ ದಾರಿಯಲ್ಲಿ ಗ್ಲೌಸನ್ನು ಮೊದಲೇ ಇಟ್ಟಿರಬೇಕು. ಅಂಚು ತಾಗಿ ದಾರಿ 5 ಡಿಗ್ರಿ ತಿರುಗಿದರೆ ಒಂದೂವರೆ ಮೀಟರಿನಲ್ಲಿ ಚೆಂಡು ಸರಿಯುವುದು 13 ಸೆಂಟಿಮೀಟರ್. ಕೈ ಸರಿಯಾದ ದಾರಿಯಲ್ಲಿದ್ದರೆ ಗ್ಲೌಸಿನ ಅಗಲದೊಳಗೋ ಅಂಚಿನಲ್ಲೋ ಸಿಗುತ್ತದೆ. ದಾರಿಯ ಅಂದಾಜೇ ಹತ್ತು ಸೆಂಟಿಮೀಟರ್ ತಪ್ಪಿದ್ದರೆ ಸಿಗುವುದಿಲ್ಲ. ಆ ಅಂದಾಜು ಮಾಡುವ ಹೊತ್ತಿಗೆ ಬ್ಯಾಟ್ಸ್‌ಮನ್‌ನ ಕಾಲು, ಪ್ಯಾಡು, ಬೀಸುವ ಬ್ಯಾಟು ಎಲ್ಲವೂ ಅಡ್ಡ. ಬೇಗ ಎದ್ದವನು ಕೆಟ್ಟ, ಚೆಂಡು ನೆಲಕ್ಕೆ ಬೀಳುವವರೆಗೆ ಕೂತೇ ಇದ್ದು ಪುಟಿತದ ಜೊತೆ ಏಳುವವನೇ ಗೆದ್ದ. ವರ್ಷಗಟ್ಟಲೆ ಪ್ರಸನ್ನ, ಚಂದ್ರಶೇಖರ್‌ರಂಥವರ ಎಸೆತಕ್ಕೆ ಕೂತೆದ್ದವರಿಗೆ ಮಾತ್ರ ಬರುವ ವಿದ್ಯೆ ಇದು.

ಔಟ್‌ಗಳ ಪಟ್ಟಿಯಲ್ಲೇ ಈ ಎರಡು ಕೆಲಸಗಳ ಗುರುತು ಸಿಗುತ್ತದೆ. ಕಿರ್ಮಾನಿಯವರ 198ರಲ್ಲಿ 38 ಸ್ಟಂಪಿಂಗ್, ಶೇ. 19. ಆಸ್ಟ್ರೇಲಿಯದ ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟಿನಲ್ಲಿ ಮಾಡಿದ 416 ಔಟ್‌ಗಳಲ್ಲಿ ಸ್ಟಂಪಿಂಗ್ 37, ಶೇ. 9. ಗಿಲ್‌ಕ್ರಿಸ್ಟ್ ಕೈ ಕಡಿಮೆಯದಲ್ಲ, ಶೇನ್ ವಾರ್ನ್‌ಗೆ ಕೀಪಿಂಗ್ ಮಾಡಿದವರು. ಆದರೆ ಅವರ ಕೆಲಸದ ಬಹುಪಾಲು ದೂರ ನಿಂತು ಹಿಡಿಯುವುದು, ಅದರ ಮೇಲೆ ಬ್ಯಾಟಿನಿಂದ 47.60 ಸರಾಸರಿ. 1999ರಲ್ಲಿ ಅವರು ಬಂದ ಮೇಲೆ ಜಗತ್ತಿನ ಎಲ್ಲ ಆಯ್ಕೆಗಾರರೂ ತಮಗೊಬ್ಬ ಗಿಲ್‌ಕ್ರಿಸ್ಟ್ ಬೇಕು ಎಂದು ಹುಡುಕತೊಡಗಿದರು. ಬ್ಯಾಟು ಬಾರದ ಒಳ್ಳೆಯ ಕೀಪರುಗಳ ಕಾಲ ಅಲ್ಲಿಗೆ ಮುಗಿಯಿತು.

ಭಾರತ ಆ ಹುಡುಕಾಟದಲ್ಲಿ ಎರಡು ಸಲ ಕರ್ನಾಟಕದ ಬ್ಯಾಟ್ಸ್‌ಮನ್ನರ ಕೈಗೆ ಗ್ಲೌಸ್ ಕೊಟ್ಟಿತು. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೀಪರ್ ಆದರು, ತಂಡಕ್ಕೆ ಏಳನೆಯ ಬ್ಯಾಟ್ಸ್‌ಮನ್ ಬಿಟ್ಟಿ ಸಿಕ್ಕ. ಅವರು 318 ರನ್ ಹೊಡೆದು 16 ಜನರನ್ನು ಔಟ್ ಮಾಡಿದರು, ಅದರಲ್ಲಿ ಸ್ಟಂಪಿಂಗ್ ಒಂದೇ. ಪಂದ್ಯಾವಳಿಯ ಬಹುಭಾಗ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ, ಶ್ರೀನಾಥ್, ಜಹೀರ್, ನೆಹ್ರಾ ಬೌಲಿಂಗಿಗೆ. ಟೆಸ್ಟಿನಲ್ಲಿ 210 ಕ್ಯಾಚ್ ಹಿಡಿದ, ಅದರಲ್ಲಿ ಬಹುತೇಕ ಸ್ಲಿಪ್‌ನಲ್ಲೇ ಹಿಡಿದ ಮನುಷ್ಯನಿಗೆ ಇದು ಗ್ಲೌಸ್ ತೊಟ್ಟ ಸ್ಲಿಪ್ ಫೀಲ್ಡಿಂಗ್. ಇಪ್ಪತ್ತು ವರ್ಷದ ನಂತರ, 2023ರ ವಿಶ್ವಕಪ್‌ನಲ್ಲಿ, ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅದೇ ಕೆಲಸ ಮಾಡಿದರು: 452 ರನ್, 17 ಔಟ್, ಸ್ಟಂಪಿಂಗ್ ಮತ್ತೆ ಒಂದೇ. ಚೆನ್ನೈನ ಸೆಕೆಯಲ್ಲಿ ಆಸ್ಟ್ರೇಲಿಯದ 49.3 ಓವರ್ ಕೂತೆದ್ದು ಬಂದು, 2 ರನ್ನಿಗೆ 3 ವಿಕೆಟ್ ಹೋಗಿದ್ದಾಗ ಕ್ರೀಸಿಗೆ ಇಳಿದು ಔಟಾಗದೆ 97 ಹೊಡೆದದ್ದನ್ನು ಮರೆಯಲು ಸಾಧ್ಯವಿಲ್ಲ.

ಅದರ ನಂತರ ನಡೆದದ್ದು ಈ ಅಧ್ಯಾಯಕ್ಕೆ ಹೇಳಿ ಮಾಡಿಸಿದ ಪ್ರಯೋಗ. 2023ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್ ಟೆಸ್ಟಿಗೆ ರಾಹುಲ್ ಕೀಪರ್, ಬ್ಯಾಟಿನಿಂದ 101. ಒಂದು ತಿಂಗಳಲ್ಲೇ ಇಂಗ್ಲೆಂಡ್ ಭಾರತಕ್ಕೆ ಬಂತು. ಆಗ ಕೋಚ್ ಆಗಿದ್ದ ದ್ರಾವಿಡ್, ಈ ಸರಣಿಯಲ್ಲಿ ರಾಹುಲ್ ಕೀಪಿಂಗ್ ಮಾಡುವುದಿಲ್ಲ ಎಂದು ಪ್ರಕಟಿಸಿದರು. ಮನುಷ್ಯ ಅದೇ, ಕೈ ಅದೇ, ಬ್ಯಾಟು ಅದೇ. ಬದಲಾದದ್ದು ಕೀಪರ್ ನಿಲ್ಲುವ ದೂರ: ಅಲ್ಲಿ 18 ಮೀಟರ್, ಇಲ್ಲಿ ಅಶ್ವಿನ್, ಜಡೇಜರಿಗೆ ಒಂದೂವರೆ. ತಾವೇ ಬ್ಯಾಟ್ಸ್‌ಮನ್-ಕೀಪರ್ ಆಗಿ 73 ಏಕದಿನ ಪಂದ್ಯ ಆಡಿದವರು ಈ ನಿರ್ಧಾರ ಪ್ರಕಟಿಸಿದರು ಎಂಬುದು ನನಗೆ ಇಷ್ಟವಾದ ಅಂಶ. ಜಾಗಕ್ಕೆ ಮೊದಲು ಕೆ.ಎಸ್. ಭರತ್ ಬಂದರು. ಕೈ ಇತ್ತು, ಏಳು ಟೆಸ್ಟಿನ ಬ್ಯಾಟಿಂಗ್ ಸರಾಸರಿ 20.09ಕ್ಕೆ ನಿಂತಿತು. ಮೂರನೆಯ ಟೆಸ್ಟಿಗೆ ಧ್ರುವ್ ಜುರೆಲ್ ಬಂದರು, ರಾಂಚಿಯಲ್ಲಿ 90 ಮತ್ತು ಔಟಾಗದೆ 39 ಹೊಡೆದು ಪಂದ್ಯ ಗೆಲ್ಲಿಸಿದರು. ಕೈಗೆ ಬೆಲೆ ಹೆಚ್ಚಿರುವಲ್ಲಿಯೂ ಬ್ಯಾಟಿನ ಬೆಲೆ ಸೊನ್ನೆಯಾಗುವುದಿಲ್ಲ.

ಕೈಯನ್ನೂ ಬ್ಯಾಟನ್ನೂ ತೂಗುವ ಈ ತಕ್ಕಡಿಯನ್ನು ಹೆಚ್ಚು ಶಿಸ್ತಿನಿಂದ ಬಳಸಿದವರು ಅಮೆರಿಕದ ಬೇಸ್‌ಬಾಲ್ ಮಂದಿ. ಅಲ್ಲಿ ಒಂದನೆಯ ಮತ್ತು ಎರಡನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರನ್ನು ಸೆಕೆಂಡ್ ಬೇಸ್‌ಮನ್ ಎನ್ನುತ್ತಾರೆ. ನೆಲಕ್ಕೆ ಹೊಡೆದ ಚೆಂಡನ್ನು ಹಿಡಿಯಬೇಕು, ಓಡಿ ಬರುವವನ ಕಾಲಡಿಯಲ್ಲಿ ತಿರುಗಿ ಎಸೆದು ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಬೇಕು. ಇದು ಬಹಳ ಕಷ್ಟದ ಜಾಗವೂ ಅಲ್ಲ, ಸುಲಭದ್ದೂ ಅಲ್ಲ. ಜಾಗದ ಕಷ್ಟಕ್ಕೆ ತಕ್ಕಂತೆ ರನ್ ಕೂಡಿಸಿ ಕಳೆಯುವ ಒಂದು ಪ್ರಚಲಿತ ಲೆಕ್ಕದಲ್ಲಿ, 162 ಪಂದ್ಯಗಳ ಒಂದು ಋತುವಿಗೆ ಕ್ಯಾಚರಿಗೆ 12.5 ರನ್ ಕೂಡಿಸುತ್ತಾರೆ, ಫಸ್ಟ್ ಬೇಸ್‌ಮನ್‌ಗೆ 12.5 ಕಳೆಯುತ್ತಾರೆ, ಸೆಕೆಂಡ್ ಬೇಸ್‌ಮನ್‌ಗೆ ಕೂಡಿಸುವುದು ಬರೀ 2.5. ಹೀಗೆ ನಡುವಿನಲ್ಲಿ ಇರುವುದರಿಂದಲೇ ಅಲ್ಲಿ ವಾದ ಹೆಚ್ಚು. 1924ರಲ್ಲಿ ಅವಕಾಶಕ್ಕೆ .424 ಹಿಟ್‌ನ ಸರಾಸರಿ ತಂದ ರಾಜರ್ಸ್ ಹಾರ್ನ್ಸ್‌ಬಿಯೂ ಸೆಕೆಂಡ್ ಬೇಸ್‌ಮನ್ನೇ, .260ರ ಸಾಧಾರಣ ಬ್ಯಾಟಿನ ಬಿಲ್ ಮ್ಯಾಜರಾಸ್ಕಿಯೂ ಸೆಕೆಂಡ್ ಬೇಸ್‌ಮನ್ನೇ. ಫೀಲ್ಡಿಂಗಿಗಾಗಿ ಎಂಟು ಗೋಲ್ಡ್ ಗ್ಲೌವ್ ಪ್ರಶಸ್ತಿ ಪಡೆದ ಮ್ಯಾಜರಾಸ್ಕಿಯನ್ನು ಜನ ನೆನೆಯುವುದು ಮಾತ್ರ 1960ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ ಮುಗಿಸಿದ ಹೋಮ್ ರನ್ನಿಗೆ. ಬ್ಯಾಟಿನ ಪ್ರಚಾರಬಲ ಅಷ್ಟು.

ಆ ಆಟದ ಒಂದು ಲೆಕ್ಕ ನಮಗೂ ಉಪಯೋಗ. .300 ಬ್ಯಾಟ್ಸ್‌ಮನ್‌ಗೂ .260 ಬ್ಯಾಟ್ಸ್‌ಮನ್‌ಗೂ 500 ಅವಕಾಶದಲ್ಲಿ ಇರುವ ವ್ಯತ್ಯಾಸ 20 ಹಿಟ್. 162 ಪಂದ್ಯದಲ್ಲಿ 20, ಅಂದರೆ ಎಂಟು ಪಂದ್ಯಕ್ಕೊಂದು. ಮೈದಾನದಲ್ಲಿ ಕೂತು ನೋಡುವ ಕಣ್ಣಿಗೆ ಅದು ಕಾಣುವುದೇ ಇಲ್ಲ. ಋತುವಿಗೆ 20 ಚೆಂಡು ಹೆಚ್ಚಿಗೆ ಹಿಡಿಯುವ ಫೀಲ್ಡರೂ ಹಾಗೆಯೇ. ಅದರಲ್ಲೂ ಒಂದು ಅನ್ಯಾಯವಿದೆ: ಚೆಂಡಿನ ಹತ್ತಿರ ಓಡಿಹೋಗಿ ಕೈಚೆಲ್ಲಿದವನ ಹೆಸರಿಗೆ ಸ್ಕೋರ್ ಪುಸ್ತಕದಲ್ಲಿ ತಪ್ಪು ಬೀಳುತ್ತದೆ, ಹತ್ತಿರಕ್ಕೇ ಹೋಗದ ಸೋಮಾರಿಯ ಹೆಸರು ಸ್ವಚ್ಛ. ಕ್ರಿಕೆಟ್ಟಿನ ಸ್ಕೋರ್ ಪುಸ್ತಕವಂತೂ ಕೈಬಿಟ್ಟ ಕ್ಯಾಚನ್ನು ಬರೆದುಕೊಳ್ಳುವುದೇ ಇಲ್ಲ. ಬೈ ಬರೆಯುತ್ತದೆ, ಸ್ಟಂಪಿಂಗ್ ಬರೆಯುತ್ತದೆ. ತಪ್ಪಿಹೋದ ಅವಕಾಶಕ್ಕೆ ಅಲ್ಲಿ ಕಾಲಂ ಇಲ್ಲ.

ಕಾಲಂ ಹಾಕಿದರೂ ಬೇಗ ಉತ್ತರ ಸಿಗದು. ಹತ್ತಕ್ಕೆ ಏಳು ಹಿಡಿಯುವ ಕೀಪರಿಗೆ 20 ಅವಕಾಶ ಕೊಟ್ಟರೆ 14 ಹಿಡಿಯಬೇಕು, ಆದರೆ ಅದೃಷ್ಟದ ಏರಿಳಿತವೇ ಎರಡು ಆಚೆ ಎರಡು ಈಚೆ. 16 ಹಿಡಿದರೆ ಅವನು ಒಳ್ಳೆಯವನೋ ಅದೃಷ್ಟವಂತನೋ ಹೇಳಲಾಗದು. ಟೆಸ್ಟಿಗೆ ಎರಡೂವರೆ ಅವಕಾಶದ ಲೆಕ್ಕದಲ್ಲಿ 20 ಸಿಗಲು ಎಂಟು ಟೆಸ್ಟ್ ಬೇಕು. ಬ್ಯಾಟಿನ ಕತೆ ಇನ್ನೂ ಕಷ್ಟ. ರನ್ನುಗಳು ಸೊನ್ನೆಯಿಂದ ನೂರರವರೆಗೆ ಎಗರಾಡುವುದರಿಂದ, 30 ಇನಿಂಗ್ಸ್ ಆಡಿದ ಮೇಲೂ 30ರ ಸರಾಸರಿಯಲ್ಲಿ ಐದಾರು ರನ್ನಿನ ಸಂಶಯ ಉಳಿಯುತ್ತದೆ. ನಾಲ್ಕು ಭಾನುವಾರದ ಆಟ ನೋಡಿ "ಇವನು ಹೊಡೆಯುತ್ತಾನೆ, ಅವನು ಹೊಡೆಯಲ್ಲ" ಎನ್ನುವ ಕ್ಯಾಪ್ಟನ್ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆಯೇ.

ಆದರೆ ಕೀಪಿಂಗಿಗೆ ಒಂದು ಅನುಕೂಲವಿದೆ, ಅವಕಾಶವನ್ನು ನಾವೇ ಸೃಷ್ಟಿಸಬಹುದು. ಬ್ಯಾಟಿಂಗನ್ನು ಪಂದ್ಯದ ಒತ್ತಡವಿಲ್ಲದೆ ಪರೀಕ್ಷಿಸುವುದು ಕಷ್ಟ. ಕೈಯನ್ನು ಒಂದು ಸಂಜೆಯಲ್ಲಿ ಪರೀಕ್ಷಿಸಬಹುದು. ನಿಮ್ಮ ತಂಡದ ಬೌಲರೇ ಎಸೆಯಲಿ, ನೀವು ಆಡುವ ನೆಲದ ಮೇಲೇ. ಒಬ್ಬ ಬ್ಯಾಟ್ಸ್‌ಮನ್ ಸ್ಟಂಪ್ ಮುಂದೆ ನಿಂತು ಬೇಕೆಂದೇ ಚೆಂಡು ತಪ್ಪಿಸಿ ಬ್ಯಾಟ್ ಬೀಸಲಿ, ಆಗಾಗ ಅಂಚಿಗೆ ತಾಗಿಸಲಿ. ಬ್ಯಾಟ್ಸ್‌ಮನ್ ಅಡ್ಡ ಇಲ್ಲದೆ ಬರಿದೇ ಎಸೆದು ಹಿಡಿಸಿದರೆ ಆ ಪರೀಕ್ಷೆಗೆ ಅರ್ಥವಿಲ್ಲ, ಕಣ್ಣಿಗೆ ಮರೆ ಬೀಳುವುದೇ ಇಲ್ಲಿನ ಪ್ರಶ್ನೆಪತ್ರಿಕೆ. ಟೂರ್ನಮೆಂಟಿಗೆ ಯಾವ ಚೆಂಡೋ ಅದನ್ನೇ ಬಳಸಿ. ಸಾಮಾನ್ಯ ಟೆನಿಸ್ ಚೆಂಡು 58 ಗ್ರಾಂ ಆಸುಪಾಸು, ಕ್ರಿಕೆಟ್ ಚೆಂಡಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಗಾಳಿ ಅದನ್ನು ಬೇಗ ತಡೆಯುತ್ತದೆ, ಆದರೆ ಅದರ ಪುಟಿತ ಜೋರು. ಅಂಗೈಗೆ ಬಡಿದು ಹೊರಗೆ ಹಾರುವ ಮೊದಲೇ ಬೆರಳು ಮುಚ್ಚಬೇಕು. ಹಾರ್ಡ್ ಟೆನಿಸ್ ಬಾಲಿನ ಸ್ವಭಾವ ಬೇರೆ. ಇಬ್ಬರಿಗೂ ಐವತ್ತೈವತ್ತು ಎಸೆತ ಹಾಕಿ, ಬಿಟ್ಟದ್ದನ್ನು ಮೂರನೆಯವನೊಬ್ಬ ಬರೆದುಕೊಳ್ಳಲಿ. ಒಬ್ಬ ನಾಲ್ಕು ಬಿಟ್ಟು ಇನ್ನೊಬ್ಬ ಹದಿನಾಲ್ಕು ಬಿಟ್ಟರೆ ಅದು ಅದೃಷ್ಟವಲ್ಲ. ನಾಲ್ಕು ಮತ್ತು ಆರು ಬಿಟ್ಟರೆ ಕೈಯ ಮಾತು ಅಲ್ಲಿಗೇ ಬಿಟ್ಟು, ಯಾರು ಯಾವ ಕ್ರಮಾಂಕದಲ್ಲಿ ಆಡುತ್ತಾರೆ ಎಂದು ಕೇಳಿ.